ಮೈಕಾಕ್ಕೆ ಮುಪ್ಪು ಬರಿಸುವ ಬಗೆ

ಕಾರ್ಕಳ ಪೇಟೆ ದಾಟಿ ಕುಕ್ಕುಂದೂರಿನ ಜೋಡುರಸ್ತೆಗೆ ಬಂದರೆ ದಾರಿ ಎರಡಾಗುತ್ತದೆ. ಒಂದು ಬೈಲೂರು, ಹಿರಿಯಡಕದ ಮೇಲೆ ಮಣಿಪಾಲಕ್ಕೆ, ಇನ್ನೊಂದು ಅಜೆಕಾರಿನ ಮೇಲೆ ಹೆಬ್ರಿಗೆ. ಯಾವ ದಾರಿ ಹಿಡಿದರೂ ಇತ್ತೀಚೆಗೆ ಎದ್ದ ಮನೆಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮನೆ ಕಾಂಕ್ರೀಟಿನದು, ಗೇಟು ಸ್ಟೀಲಿನದು, ಎದುರಿನ ಬಾಗಿಲು ಮಾತ್ರ ಎಲ್ಲೋ ಕಳಚಿದ ಹಳೆಯ ಮನೆಯಿಂದ ತಂದ ಹಲಸಿನದು. ದಪ್ಪ ದಾರಂದ, ಹಿತ್ತಾಳೆಯ ಚಿಲಕ, ನಡುವೆ ಸವೆದು ತಗ್ಗಾದ ಹೊಸ್ತಿಲು. ಅದನ್ನು ದಾಟಿ ಒಳಗೆ ಹೋದರೆ ಟಿವಿ ಇಡುವ ಕಪಾಟು, ವಾರ್ಡ್‌ರೋಬು, ಮಂಚ, ಓದುವ ಮೇಜು ಎಲ್ಲವೂ ಮೈಕಾ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು, ಬೆಲೆಯೂ ಕೈಗೆಟುಕುತ್ತದೆ. ಗೃಹಪ್ರವೇಶದ ಗದ್ದಲ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯವರಿಗೆ ಆಸೆಯೊಂದು ಹುಟ್ಟುತ್ತದೆ. ಈ ಕಪಾಟೂ ಆ ಬಾಗಿಲಿನ ಹಾಗೆ ಕಾಣಬಾರದೇ?

ಬಡಗಿಗಳನ್ನು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ. “ಮೈಕಾದ ಮೇಲೆ ಪಾಲಿಶ್ ಹಿಡಿಯುವುದಿಲ್ಲ ಮಾರಾಯ್ರೆ. ಬೇಕಾದರೆ ಅದರ ಮೇಲೆ ಆಂಟಿಕ್ ಡಿಸೈನಿನ ಬೇರೆ ಶೀಟು ಅಂಟಿಸುವ.” ಈ ಮಾತಿನ ಮೊದಲರ್ಧ ಅಕ್ಷರಶಃ ನಿಜ. ಎರಡನೆಯ ಅರ್ಧದ ಬಗ್ಗೆ ನನಗೆ ತಕರಾರಿದೆ. ಹಳೆಯದರಂತೆ ಕಾಣಲು ಮುದ್ರಿಸಿದ ಶೀಟುಗಳು ಅಂಗಡಿಯಲ್ಲಿ ಸಾಲುಸಾಲಾಗಿ ಸಿಗುತ್ತವೆ. ಸವೆದ ಅಂಚು, ಹುಳ ಕೊರೆದ ತೂತು, ಮಾಸಿದ ಬಣ್ಣ ಎಲ್ಲವೂ ಅವುಗಳಲ್ಲಿ ಅಚ್ಚಾಗಿವೆ. ಆದರೆ ಆ ಚಿತ್ರ ಮುದ್ರಿಸುವುದು ಉರುಳುವ ಸಿಲಿಂಡರಿನಿಂದ. ಸಿಲಿಂಡರಿನ ಸುತ್ತಳತೆ ಮುಗಿದಲ್ಲಿ ಚಿತ್ರ ಮತ್ತೆ ಮೊದಲಿನಿಂದ ಶುರು. ಒಂದೇ ಗಂಟು, ಒಂದೇ ಬಿರುಕು, ಒಂದೇ ಹುಳದ ತೂತು ನಾಲ್ಕು ಬಾಗಿಲುಗಳಲ್ಲಿ ನಾಲ್ಕು ಸಲ ಬರುತ್ತದೆ. ಯಾವ ಹುಳವೂ ಅಷ್ಟು ಶಿಸ್ತಿನಿಂದ ಮರ ತಿಂದದ್ದಿಲ್ಲ.

ಪಾಲಿಶ್ ಯಾಕೆ ಹಿಡಿಯುವುದಿಲ್ಲ ಎಂದು ತಿಳಿಯಲು ಈ ಹಾಳೆಯ ಹೊಟ್ಟೆಯೊಳಗೆ ಏನಿದೆಯೆಂದು ನೋಡಬೇಕು. ನಾವು ಮೈಕಾ, ಸನ್‌ಮೈಕಾ ಎಂದು ಕರೆಯುವ ಲ್ಯಾಮಿನೇಟು ಮೂಲತಃ ಕಾಗದ. ಪ್ಯಾಕಿಂಗಿಗೆ ಬಳಸುವಂಥ ಕಂದು ಕ್ರಾಫ್ಟ್ ಕಾಗದದ ಹಲವು ಪದರಗಳನ್ನು ಫೀನಾಲ್ ರಾಳದಲ್ಲಿ ಅದ್ದಿ ಒಂದರ ಮೇಲೊಂದು ಇಡುತ್ತಾರೆ. ಮೇಲಿನ ಚಿತ್ರದ ಕಾಗದವನ್ನು ಮೆಲಮೈನ್ ರಾಳದಲ್ಲಿ ಅದ್ದಿರುತ್ತಾರೆ. ನೀರು ಕುದಿಯುವುದಕ್ಕಿಂತ ಹೆಚ್ಚಿನ ಬಿಸಿಯಲ್ಲಿ, ಭಾರೀ ಒತ್ತಡದ ಪ್ರೆಸ್ಸಿನಲ್ಲಿ ಅಷ್ಟೂ ಪದರ ಒಂದೇ ಹಾಳೆಯಾಗಿ ಗಟ್ಟಿಯಾಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲ, ಸಾಮಾನ್ಯವಾಗಿ 0.8 ಅಥವಾ 1 ಮಿಲಿಮೀಟರ್ ದಪ್ಪ. ಒಮ್ಮೆ ಗಟ್ಟಿಯಾದ ಆ ರಾಳ ಮತ್ತೆ ಕರಗುವುದಿಲ್ಲ. ಎಣ್ಣೆ, ಬಣ್ಣ, ನೀರು ಇಂಗಲು ಅದರಲ್ಲಿ ರಂಧ್ರವಿಲ್ಲ. ಮರಕ್ಕೆ ಪಾಲಿಶ್ ಹಿಡಿಯುವುದು ಮರ ಅದನ್ನು ಕುಡಿಯುವುದರಿಂದ. ಮೈಕಾ ಏನನ್ನೂ ಕುಡಿಯುವುದಿಲ್ಲ.

ಇದರ ಹುಟ್ಟಿಗೂ ಪೀಠೋಪಕರಣಕ್ಕೂ ಸಂಬಂಧವೇ ಇರಲಿಲ್ಲ. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಬೇಕಲೈಟ್ ತಯಾರಿಸಿದ. ಐದಾರು ವರ್ಷಗಳಲ್ಲೇ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಇಬ್ಬರು ಇಂಜಿನಿಯರುಗಳು, ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓಕಾನರ್, ವಿದ್ಯುತ್ ಯಂತ್ರಗಳಲ್ಲಿ ಅಭ್ರಕದ, ಅಂದರೆ ಖನಿಜ ಮೈಕಾದ ಬದಲಿಗೆ ಬಳಸಲು ಇಂಥ ರಾಳದ ಹಾಳೆ ಮಾಡಿ, 1913ರಲ್ಲಿ ಸ್ವಂತ ಕಂಪನಿ ತೆರೆದರು. ಮರದ ಚಿತ್ರ ಹೊತ್ತು ಅದು ಅಡುಗೆಮನೆಗೆ ಬಂದದ್ದು ಬಹಳ ಆಮೇಲೆ. ನಮ್ಮ ಕಡೆ ಮುಂಬೈಯ ಹೋಟೆಲು ದುಡ್ಡು, ಗಲ್ಫಿನ ದುಡ್ಡು ಮನೆಗಳಾಗಿ ಏಳತೊಡಗಿದ ಕಾಲದಲ್ಲಿ ಅದು ಪ್ರತಿಷ್ಠೆಯ ವಸ್ತುವೇ ಆಗಿತ್ತು. ಅಜ್ಜನ ಕಾಲದ ಬೀಟೆ ಮೇಜಿನ ಮೇಲೂ ಹೊಳೆಯುವ ಮೈಕಾ ಅಂಟಿಸಿ ‘ಮಾಡರ್ನ್’ ಮಾಡಿದ ಮನೆಗಳುಂಟು. ಈಗ ಅವರ ಮೊಮ್ಮಕ್ಕಳು ಅದನ್ನು ಕಿತ್ತು ಕೆಳಗಿನ ಬೀಟೆಯನ್ನು ಹುಡುಕುತ್ತಿದ್ದಾರೆ.

ಇಲ್ಲೊಂದು ಕುತೂಹಲದ ನೆಂಟಸ್ತಿಕೆ ಇದೆ. ಕಾರ್ಕಳ ತಾಲೂಕಿನಲ್ಲಿ ಗೇರುಬೀಜದ ಕಾರ್ಖಾನೆಗಳು ಕಡಿಮೆಯಿಲ್ಲ. ಬೀಜದ ಸಿಪ್ಪೆಯಿಂದ ಬರುವ ಕಪ್ಪು ಗೇರೆಣ್ಣೆಯನ್ನು ಒರಲೆ ಹಿಡಿಯದಿರಲೆಂದು ಮಾಡಿನ ಪಕ್ಕಾಸು, ರೀಪುಗಳಿಗೆ, ದೋಣಿಯ ಮೈಗೆ ಬಳಿಯುವುದು ಕರಾವಳಿಯ ಹಳೆಯ ಪದ್ಧತಿ. ಆ ಎಣ್ಣೆ ಸ್ವತಃ ಫೀನಾಲ್ ಜಾತಿಯದು. ಕಾಯಿಸಿದಾಗ ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಕಾರ್ಡನಾಲ್ ಆಗುತ್ತದೆ. ಕಾರ್ಡನಾಲ್ ಫಾರ್ಮಾಲ್ಡಿಹೈಡಿನ ಜೊತೆ ಸೇರಿ ರಾಳವಾಗುತ್ತದೆ. ಲ್ಯಾಮಿನೇಟಿನ ರಾಳಗಳಲ್ಲೂ ಅದಕ್ಕೆ ಬಳಕೆಯುಂಟು. ಅಜ್ಜ ಪಕ್ಕಾಸಿಗೆ ಬಳಿದದ್ದೂ ಮೊಮ್ಮಗ ಕಪಾಟಿಗೆ ಅಂಟಿಸಿದ್ದೂ ರಸಾಯನದ ಲೆಕ್ಕದಲ್ಲಿ ದಾಯಾದಿಗಳು. ಹಾಗೆಂದು ಮೈಕಾವನ್ನು ಕಪ್ಪು ಮಾಡಲು ಗೇರೆಣ್ಣೆ ಬಳಿಯಲು ಹೋಗಬೇಡಿ. ಅದು ಒಳಗಿಂಗದೆ ಮೇಲೆಯೇ ಅಂಟಂಟಾಗಿ ಉಳಿಯುತ್ತದೆ, ಮುಟ್ಟಿದ ಕೈ ಸುಟ್ಟು ಬೊಬ್ಬೆ ಬರುತ್ತದೆ.

ಮುಪ್ಪು ಎಲ್ಲಿ ಬರುತ್ತದೆ?

ಹಲಸಿನ ಹಲಗೆ ಆಗಷ್ಟೇ ಸೀಳಿದಾಗ ಹಳದಿ. ಮೋರಿನ್ ಎಂಬ ಬಣ್ಣದ ವಸ್ತು ಅದರಲ್ಲಿದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಹಲಸಿನ ಚಕ್ಕೆ ಬೇಯಿಸಿ ಬಣ್ಣ ಹಾಕುತ್ತಿದ್ದದ್ದು ಇದರಿಂದಲೇ. ಬೆಳಕು, ಗಾಳಿ ತಾಗುತ್ತ ಹೋದಂತೆ ಹಳದಿ ಜೇನಿನ ಬಣ್ಣವಾಗಿ, ವರ್ಷಗಳು ಉರುಳಿದರೆ ಕೆಂಪು ಮಿಶ್ರಿತ ಕಾಫಿ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಕಬ್ಬಿಣದ ಮೊಳೆಯ ಸುತ್ತ ಕಪ್ಪು ವರ್ತುಲ ಮೂಡುತ್ತದೆ. ಮರದಲ್ಲಿರುವ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ತುಕ್ಕಿನ ಜೊತೆ ಸೇರಿ ಕಪ್ಪಾಗುವುದು ಅದು. ಅಳಲೆಕಾಯಿಯ ಒಗರಿಗೆ ಕಬ್ಬಿಣದ ಅಂಶ ಸೇರಿಸಿ ಶಾಯಿ ಮಾಡುತ್ತಿದ್ದ ಉಪಾಯವೂ ಅದೇ. ವಿನೆಗರಿನಲ್ಲಿ ಉಕ್ಕಿನ ನಾರು ಹಾಕಿ ಕೊಳೆಸಿದ ನೀರನ್ನು, ಚಹಾದ ಗಟ್ಟಿ ಡಿಕಾಕ್ಷನ್ ಬಳಿದ ಹೊಸ ಮರದ ಮೇಲೆ ಒರೆಸಿದರೆ ನೋಡನೋಡುತ್ತ ಅದು ಹಳತಾಗುತ್ತದೆ. ಹೊಸ ಮರಕ್ಕೆ ಮುಪ್ಪು ಬರಿಸುವ ಸುಲಭದ ದಾರಿ ಇದು. ಮೈಕಾದ ಮೇಲೆ ಇದರಿಂದ ಏನೂ ಆಗದು.

ಬಣ್ಣ ಕಪ್ಪಾಗುವುದು ಮುಪ್ಪಿನ ಒಂದು ಭಾಗ ಮಾತ್ರ, ಅದೂ ಸಣ್ಣ ಭಾಗ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರಿ ಕುಂಜರ, ಪಂಚನಾರಿ ತುರಗ ಕೆತ್ತಿದ ಮರದ ಕಂಬಗಳ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕೈಗೆಟುಕುವ ಉಬ್ಬುಗಳು ನಯವಾಗಿ ತಿಳಿಯಾಗಿವೆ, ಕೈ ಹೋಗದ ತಗ್ಗುಗಳಲ್ಲಿ ಧೂಳು, ಮಸಿ, ಎಣ್ಣೆ ಸೇರಿ ಕಪ್ಪು ಕೂತಿದೆ. ಚಾವಡಿಯ ಆರಾಮಕುರ್ಚಿಯಲ್ಲಿ ಕೈಯಿಡುವ ಪಟ್ಟಿಯ ತುದಿ ಹೊಳೆಯುತ್ತದೆ, ಬೆನ್ನಿನ ಹಿಂಭಾಗ ಹೊಳೆಯುವುದಿಲ್ಲ. ಭತ್ತ ತುಂಬುವ ಪತ್ತಾಯದ ಮುಚ್ಚಳ ಎತ್ತುವ ಜಾಗ ಮಾತ್ರ ಸವೆದಿರುತ್ತದೆ. ಕಪಾಟಿನ ಬಾಗಿಲಲ್ಲಿ ಚಿಲಕದ ಸುತ್ತ ಅಂಗೈಯಷ್ಟು ಅಗಲ, ಕೆಳಗೆ ನೆಲ ಸಾರಿಸುವಾಗ ನೀರು ತಾಗುವ ಮೂರ್ನಾಲ್ಕು ಬೆರಳು ಎತ್ತರ, ಮಕ್ಕಳ ಕಾಲು ತಾಗುವ ಮೂಲೆ. ಹಿಡಿಸೂಡಿ ತಾಗುವ ಕಾಲಿಗೂ ತಾಗದ ಕಾಲಿಗೂ ವ್ಯತ್ಯಾಸವುಂಟು. ಪ್ರತಿಯೊಂದು ಗುರುತಿಗೂ ಕಾರಣವಿದೆ. ನಕಲಿ ಮುಪ್ಪು ಸಿಕ್ಕಿಬೀಳುವುದು ಕಾರಣವಿಲ್ಲದ ಕಡೆ ಸವೆತ ಕಂಡಾಗ. ಕಪಾಟಿನ ತಲೆಯ ಮೇಲೆ, ಯಾರ ಕೈಯೂ ಹೋಗದ ಎತ್ತರದಲ್ಲಿ ಬಣ್ಣ ಕಿತ್ತಿದ್ದರೆ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಯಾಕೆಂದು ಹೇಳಲಾಗದಿದ್ದರೂ.

ಇದನ್ನು ಕಣ್ಣಾರೆ ಕಲಿಯಲು ಕುಕ್ಕುಂದೂರಿನವರು ದೂರ ಹೋಗಬೇಕಾಗಿಲ್ಲ. ಬೈಲೂರಿನ ದಾರಿ ಹಿಡಿದು ಮಣಿಪಾಲಕ್ಕೆ ಹೋದರೆ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಹಳೆಯ ಮನೆಗಳು ಒಂದೊಂದಾಗಿ ಉರುಳುವುದನ್ನು ಕಂಡು, ಅವನ್ನು ಭಾಗ ಭಾಗವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ ಅದು. 1974ರ ಭೂಸುಧಾರಣೆಯ ಬಳಿಕ ಗೇಣಿ ನಿಂತು, ಕೂಡುಕುಟುಂಬ ಒಡೆದು, ದೊಡ್ಡ ಚೌಕಿಮನೆಗಳ ಮಾಡು ಹೊದೆಸುವುದೇ ಭಾರವಾಗಿದ್ದ ಕಾಲ. ಮುಚ್ಚಿಗೆ, ಕಂಬ, ದಾರಂದ ಎಲ್ಲ ಅಡಿಯ ಲೆಕ್ಕದಲ್ಲಿ ಮರದ ವ್ಯಾಪಾರಿಗಳ ಪಾಲಾಗುತ್ತಿದ್ದವು. ಶೆಣೈಯವರು ಮೊದಲು ತಮ್ಮ ವಾಸದ ಮನೆಯನ್ನೇ ಅಂಥ ತುಂಡುಗಳಿಂದ ಕಟ್ಟಿದರು, ಆಮೇಲೆ ಗ್ರಾಮವನ್ನೇ ಕಟ್ಟಹೊರಟರು. ಕುಂಜೂರಿನ ಚೌಕಿಮನೆ ಅಲ್ಲಿದೆ. ಕಾರ್ಕಳದ ಮಗ್ಗುಲಿನ ಮಿಯಾರಿನ ಮನೆಯೂ ಇದೆ. 2017ರಲ್ಲಿ ಅವರು ತೀರಿಕೊಂಡರು. ಅಲ್ಲಿಗೆ ಹೋಗುವವರು ಒಟ್ಟು ಮನೆಯ ಗಾಂಭೀರ್ಯ ನೋಡಿ ಬೆರಗಾಗಿ ಬರುತ್ತಾರೆ. ನಮ್ಮ ಕೆಲಸಕ್ಕೆ ಬೇಕಾದದ್ದು ಬಗ್ಗಿ ನೋಡುವ ನೋಟ. ಕಂಬದ ಬುಡ, ಬಾಗಿಲಿನ ಅಗಳಿಯ ಸುತ್ತ, ಮೆಟ್ಟಿಲಿನ ಅಂಚು.

ಹಳತಾದದ್ದೆಲ್ಲ ಚೆಂದ ಎಂಬ ಭಾವನೆ ನಮ್ಮ ಊರಿನದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ತುಳುನಾಡಿನಲ್ಲಿ ಹಳತಾದರೆ ಜೀರ್ಣೋದ್ಧಾರ, ಆಮೇಲೆ ಬ್ರಹ್ಮಕಲಶ. ತೇರಿಗೆ ಹೊಸ ಬಣ್ಣ, ದೈವದ ಉಜ್ಜಾಲಿಗೆ (ಉಯ್ಯಾಲೆಗೆ) ಹೊಸ ಬಣ್ಣ. ಶಿರಿಯಾರದ ಹತ್ತಿರದ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿ ಸಾಲುಸಾಲು ಮರದ ಮೂರ್ತಿಗಳಿವೆ, ಕಣ್ಣು ಕೋರೈಸುವ ಕೆಂಪು, ಹಳದಿ. ಅಲ್ಲಿದ್ದ ಹಳೆಯ ಮೂರ್ತಿಗಳಲ್ಲಿ ಹಲವು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಬಣ್ಣ ಉದುರಿ ಮರದ ಎಳೆ ಕಾಣುವ ಆ ಮೂರ್ತಿಗಳ ಮುಂದೆ ನಿಂತು ಜನ ತಲೆದೂಗುತ್ತಾರೆ. ಊರಿನವರಿಗೆ ಬೇಕಾದದ್ದು ಶಕ್ತಿಯಿರುವ ಹೊಸ ಮೂರ್ತಿ, ದೆಹಲಿಗೆ ಬೇಕಾದದ್ದು ಕಾಲದ ಗುರುತು. ಕುಕ್ಕುಂದೂರಿನ ಕಪಾಟಿಗೆ ಈಗ ಬೇಕಾಗಿರುವುದೂ ದೆಹಲಿಯ ರುಚಿಯೇ. ಅದರಲ್ಲಿ ತಪ್ಪೇನಿಲ್ಲ.

ಮರವಾಗದು, ಬಣ್ಣ ಬಳಿದ ಮರವಾದೀತು

ಹಾಗಾದರೆ ಮೈಕಾದ ಕಪಾಟಿಗೆ ದಾರಿ ಯಾವುದು? ಅದನ್ನು ಹಳೆಯ ಹಲಸಿನಂತೆ ಮಾಡಲು ಆಗುವುದಿಲ್ಲ. ಹಲಸಿನ ಮುಪ್ಪು ಮರದ ಒಳಗಿನಿಂದ ಬರುವಂಥದ್ದು, ಇದಕ್ಕೆ ಒಳಗೇ ಇಲ್ಲ. ಆದರೆ ಬಣ್ಣ ಬಳಿದ ಹಳೆಯ ಕಪಾಟಿನಂತೆ ಮಾಡಬಹುದು. ಯಾಕೆಂದರೆ ಬಣ್ಣದ ಮುಪ್ಪು ಬಣ್ಣದ ಪದರದಲ್ಲೇ ನಡೆಯುತ್ತದೆ, ಅಡಿಯಲ್ಲಿರುವುದು ಬೀಟೆಯೋ ಭೂಸಾ ಹಲಗೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಕರಾವಳಿಯಲ್ಲಿ ಬಣ್ಣದ ಕಪಾಟಿಗೇನೂ ಬರವಿಲ್ಲ. ಹಳೆಯ ಶಾಲೆಗಳ ಹಸಿರು ಆಯಿಲ್ ಪೇಂಟಿನ ಕಪಾಟು, ಕ್ರೈಸ್ತರ ಮನೆಗಳ ನೀಲಿ ಅಲ್ತಾರು, ಅಂಗಡಿ ಬಾಗಿಲಿನ ಹಲಗೆಗಳು. ಹಸಿರು ಸುಲಿದಲ್ಲಿ ಕೆಳಗೆ ನೀಲಿ, ನೀಲಿ ಸುಲಿದಲ್ಲಿ ಕಾವಿ ಬಣ್ಣ, ಅದರ ಕೆಳಗೆ ಮರ. ಯುರೋಪಿನಲ್ಲೂ ಅಮೆರಿಕದಲ್ಲೂ ಇದೇ ದಾರಿ ಹಿಡಿದರು. ಇಂಗ್ಲೆಂಡಿನ ಆನಿ ಸ್ಲೋನ್ 1990ರಲ್ಲಿ ಸುಣ್ಣದಂತೆ ಹೊಳಪಿಲ್ಲದೆ ಒಣಗುವ ‘ಚಾಕ್ ಪೇಂಟ್’ ಮಾರುಕಟ್ಟೆಗೆ ತಂದ ಮೇಲೆ ಹಳೆಯ ಕಪಾಟಿಗೆ ಬಣ್ಣ ಬಳಿದು ಉಜ್ಜಿ ಸವೆಸುವುದು ಮನೆಮನೆಯ ಹವ್ಯಾಸವಾಯಿತು.

ನಮ್ಮಲ್ಲಿ ಈ ಯೋಚನೆಗೆ ಹತ್ತಿರದ ಮಾದರಿ ಇನ್ನೂ ಹಳೆಯದು. ಉತ್ತರ ಕನ್ನಡ, ಗೋವಾ, ಉಡುಪಿಯ ಕೆಲವು ದೇವಸ್ಥಾನದ ಗೋಡೆಗಳ ಕಾವಿ ಕಲೆಯಲ್ಲಿ ಬಿಳಿ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಪದರ ಕೊಟ್ಟು, ಹಸಿಯಿರುವಾಗಲೇ ಮೊನಚು ಕಡ್ಡಿಯಿಂದ ಕೆರೆದು ಅಡಿಯ ಬಿಳಿಯನ್ನು ತೋರಿಸುತ್ತಾರೆ. ಮೊದಲೇ ಎರಡು ಪದರ ಇಟ್ಟು, ಮೇಲಿನದನ್ನು ಬೇಕಾದಲ್ಲಿ ಮಾತ್ರ ತೆಗೆಯುವುದು. ಕಪಾಟಿನ ಕೆಲಸದ ಗುಟ್ಟೂ ಅಷ್ಟೇ. ಉಜ್ಜಿದಾಗ ಕಾಣಬೇಕಾದ ‘ಹಳೆಯ ಮರ’ವನ್ನು ನಾವೇ ಮೊದಲು ಬಳಿದಿರಬೇಕು. ಬಳಿಯದೆ ಉಜ್ಜಿದರೆ ಕೆಳಗಿನಿಂದ ಮುದ್ರಿತ ಕಾಗದ, ಇನ್ನೂ ಉಜ್ಜಿದರೆ ಕಂದು ಕ್ರಾಫ್ಟ್ ಕಾಗದ, ಕೊನೆಗೆ ಪಾರ್ಟಿಕಲ್ ಬೋರ್ಡಿನ ಪುಡಿ ಕಾಣುತ್ತದೆ.

ಕೆಲಸ ಶುರುವಾಗುವುದು ಕಪಾಟಿನ ಅಂಚು ನೋಡುವುದರಿಂದ. ಪ್ಲೈವುಡ್ಡಿನ ಮೇಲೆ ಒಂದು ಮಿಲಿಮೀಟರ್ ಶೀಟು ಅಂಟಿಸಿದ್ದಾದರೆ ಧೈರ್ಯವಾಗಿ ಮುಂದುವರಿಯಬಹುದು. ಅಂಗಡಿಯಿಂದ ಬಿಡಿಭಾಗವಾಗಿ ಬಂದು ಸ್ಕ್ರೂ ಹಾಕಿ ನಿಲ್ಲಿಸಿದ್ದಾದರೆ ಅದು ಹೆಚ್ಚಾಗಿ ಪ್ರೀ-ಲ್ಯಾಮ್ ಪಾರ್ಟಿಕಲ್ ಬೋರ್ಡು. ಅದರ ಮೇಲೆ ಇರುವುದು ರಾಳದಲ್ಲಿ ಅದ್ದಿದ ಒಂದೇ ಕಾಗದ, ಹಾಗಾಗಿ ಎಮರಿ ಪೇಪರು ಹಗುರವಾಗಿ ಆಡಬೇಕು. ಕುಕ್ಕುಂದೂರಿನ ಗಣಿತನಗರದ ಕಾಲೇಜಿನ ಸುತ್ತಮುತ್ತ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಕೋಣೆಗಳಲ್ಲಿ ಕಾಣುವಂಥ ಮೇಜುಗಳು ಹೆಚ್ಚಾಗಿ ಈ ಬಗೆಯವು. ಮೂರನೆಯದು ಎಂಡಿಎಫ್ ಮೇಲೆ ಪ್ಲಾಸ್ಟಿಕ್ ಪೊರೆ ಎಳೆದು ಕೂರಿಸಿದ್ದು. ಮೂಲೆಯಲ್ಲಿ ಪೊರೆ ಎದ್ದಿದ್ದರೆ ಅದಕ್ಕೆ ಬಣ್ಣ ಬಳಿಯುವುದು ದಂಡ. ಮಳೆಗಾಲದಲ್ಲಿ ನೀರು ಕುಡಿದು ಬುಡ ಊದಿಕೊಂಡ ಪಾರ್ಟಿಕಲ್ ಬೋರ್ಡಿಗೂ ಯಾವ ಔಷಧಿಯೂ ಇಲ್ಲ. ಊದಿದ್ದು ಮತ್ತೆ ಇಳಿಯುವುದಿಲ್ಲ.

ಆಮೇಲೆ ತೊಳೆಯುವುದು. ಎಲ್ಲರೂ ಅವಸರ ಮಾಡಿ ಕೆಡಿಸುವ ಹಂತ ಇದೇ. ಅಡುಗೆಯ ಜಿಡ್ಡು, ಕೈಯ ಎಣ್ಣೆ, ಹೊಳಪಿಗೆಂದು ಹೊಡೆದ ಸ್ಪ್ರೇಯ ಸಿಲಿಕೋನ್, ಇವುಗಳ ಮೇಲೆ ಯಾವ ಬಣ್ಣವೂ ನಿಲ್ಲದು. ಬಿಸಿನೀರಿಗೆ ವಾಷಿಂಗ್ ಸೋಡ ಹಾಕಿ ಒರೆಸಿ, ಬರೀ ನೀರಿನಲ್ಲಿ ಎರಡು ಸಲ ಒರೆಸಿ, ಒಣಗಿದ ಮೇಲೆ ಸ್ಪಿರಿಟ್ಟಿನಲ್ಲಿ ಒಮ್ಮೆ ಒರೆಸಬೇಕು. ಬಳಿಕ 220ನೇ ನಂಬರಿನ ಎಮರಿ ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ತಿಕ್ಕುವುದು. ಮೇಲ್ಮೈ ಮಂಕಾದರೆ ಸಾಕು, ಬಣ್ಣ ಹಿಡಿದುಕೊಳ್ಳಲು ಆ ಸಣ್ಣ ಗೀರುಗಳೇ ಆಧಾರ. ಆ ಧೂಳು ಪ್ಲಾಸ್ಟಿಕ್ ರಾಳದ್ದಾದ್ದರಿಂದ ಮೂಗಿಗೆ ಒಳ್ಳೆಯ ಮಾಸ್ಕ್ ಬೇಕು. ಹಿಂದೆ ಆಯಿಲ್ ಪೇಂಟ್ ಬಳಿದಿದ್ದ ಹಳೆಯ ಕಪಾಟನ್ನು ಉಜ್ಜುವವರು ಇನ್ನೂ ಎಚ್ಚರವಾಗಿರಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು, ಒದ್ದೆ ಮಾಡಿ ಉಜ್ಜಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ಇನ್ನು ಹಿಡಿತದ ಕೋಟು. ನುಣುಪು ಮೇಲ್ಮೈಗೆ ಅಂಟುವ ಬಾಂಡಿಂಗ್ ಪ್ರೈಮರುಗಳು ದೊಡ್ಡ ಪೇಂಟ್ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದಿದ್ದರೆ ಬಡಗಿಗಳ ಹಳೆಯ ಸ್ನೇಹಿತ ಚಪಡಾ ಇದೆ. ಅರಗಿನಿಂದ ಮಾಡಿದ ಈ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದರೆ ಗಾಜಿಗೂ ಅಂಟುತ್ತದೆ, ಅದರ ಮೇಲೆ ಬೇರೆ ಬಣ್ಣವೂ ಕೂರುತ್ತದೆ. ಮೇಣ ತೆಗೆದ ಚಪಡಾವೇ ಆಗಬೇಕು, ಮೇಣವಿದ್ದರೆ ಮೇಲಿನ ಕೋಟು ಜಾರುತ್ತದೆ. ತೆಳುವಾಗಿ ಎರಡು ಕೋಟು. ಒಣಗಿದ ಮೇಲೆ ಮೂಲೆಯೊಂದರಲ್ಲಿ ಉಗುರಿನಿಂದ ಗೀರಿ, ಸೆಲೋಟೇಪು ಒತ್ತಿ ಅಂಟಿಸಿ ಒಮ್ಮೆಲೇ ಕೀಳಬೇಕು. ಟೇಪಿನ ಜೊತೆ ಬಣ್ಣ ಬಂದರೆ ತೊಳೆದದ್ದು ಸಾಲಲಿಲ್ಲ ಎಂದೇ ಅರ್ಥ. ಮುಂದುವರಿಯದೆ ಹಿಂದಕ್ಕೆ ಹೋಗುವುದು ಲೇಸು.

ಇದರ ಮೇಲೆ ಅಡಿಬಣ್ಣ, ಅಂದರೆ ಸವೆದಲ್ಲಿ ಇಣುಕಬೇಕಾದ ಬಣ್ಣ. ಮರದಂಥ ಕಂದು ಇರಬಹುದು. ನನ್ನ ಮೆಚ್ಚಿನದು ಕಾವಿ ಕೆಂಪು, ಕೆಂಪು ಗಾರೆಯ ನೆಲದ ಊರಿಗೆ ಅದು ಒಪ್ಪುತ್ತದೆ. ಅದು ಒಣಗಿದ ಬಳಿಕ ಎಲ್ಲೆಲ್ಲಿ ಕೈ, ಕಾಲು, ನೀರು, ಹಿಡಿಸೂಡಿ ತಾಗುತ್ತಿತ್ತೋ ಅಲ್ಲೆಲ್ಲ ಮೇಣದಬತ್ತಿ ಉಜ್ಜಬೇಕು. ಮೇಣವಿದ್ದಲ್ಲಿ ಮೇಲಿನ ಬಣ್ಣ ಹಿಡಿಯದೆ ಸುಲಭವಾಗಿ ಕಿತ್ತುಬರುತ್ತದೆ. ಮೇಲಿನ ಬಣ್ಣಕ್ಕೆ ದುಬಾರಿ ಚಾಕ್ ಪೇಂಟೇ ಬೇಕೆಂದಿಲ್ಲ. ಒಂದು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಒಂದು ಪಾಲು ನೀರಿನಲ್ಲಿ ಗಂಟಿಲ್ಲದೆ ಕಲಸಿ ಮೂರು ಪಾಲು ಮ್ಯಾಟ್ ಎಮಲ್ಶನ್ನಿಗೆ ಸೇರಿಸಿದರೆ ಹೊಳಪಿಲ್ಲದ ದಪ್ಪ ಬಣ್ಣ ಸಿದ್ಧ. ಬೇಗ ಗಟ್ಟಿಯಾಗುವುದರಿಂದ ಬೇಕಾದಷ್ಟೇ ಕಲಸಿಕೊಳ್ಳಬೇಕು. ಮಾಸಲು ಹಸಿರು, ಬೂದಿ ಮಿಶ್ರಿತ ನೀಲಿ, ಹಳೆಯ ಸುಣ್ಣದ ಬಿಳಿ ಚೆನ್ನ. ಅಚ್ಚ ಬಿಳಿ ಬೇಡ, ಅದು ಟ್ಯೂಬ್‌ಲೈಟಿನ ಕಾಲದ ಬಣ್ಣ. ಒಣಗಿದ ಮೇಲೆ ಮೇಣ ಹಚ್ಚಿದ ಕಡೆ ಎಮರಿ ಆಡಿಸಿದರೆ ಕಾವಿ ಇಣುಕುತ್ತದೆ. ಇಲ್ಲಿ ಕೈ ಹಿಡಿತದಲ್ಲಿರಬೇಕು. ಉತ್ಸಾಹದಲ್ಲಿ ಎಲ್ಲ ಕಡೆ ಉಜ್ಜಿದ ಕಪಾಟು ಹಳತಾಗಿ ಕಾಣುವುದಿಲ್ಲ, ಸಾಗಾಟದಲ್ಲಿ ಪೆಟ್ಟು ತಿಂದಂತೆ ಕಾಣುತ್ತದೆ.

ಬಿರುಕು ಬಿಡಿಸುವ ಉಪಾಯವನ್ನು ತುಂಬ ಜನ ಕೇಳುತ್ತಾರೆ. ಅಡಿಬಣ್ಣದ ಮೇಲೆ ಫೆವಿಕಾಲ್ ಬಳಿದು, ಅದು ಇನ್ನೂ ಅಂಟಂಟಾಗಿರುವಾಗಲೇ ನೀರಿನ ಬಣ್ಣವನ್ನು ಒಂದೇ ಎಳೆತದಲ್ಲಿ ಬಳಿದರೆ, ಮೇಲಿನ ಬಣ್ಣ ಬೇಗ ಒಣಗಿ ಕುಗ್ಗುತ್ತದೆ, ಅಡಿಯ ಗೋಂದು ಜಾರುತ್ತದೆ, ಬಣ್ಣ ಗದ್ದೆಯ ಮಣ್ಣಿನಂತೆ ಬಿರಿಯುತ್ತದೆ. ನೋಡಲು ಮೋಜು. ಆದರೆ ನಮ್ಮಲ್ಲಿ ಅಂಥ ಬಿರುಕು ಕಾಣುವುದು ಪಶ್ಚಿಮದ ಬಿಸಿಲು ಹೊಡೆಯುವ ಹೊರಬಾಗಿಲು, ಕಿಟಕಿಗಳಲ್ಲಿ. ಮನೆಯೊಳಗಿನ ಕಪಾಟಿನ ಬಣ್ಣ ತೇವಕ್ಕೆ ಬುಡದಲ್ಲಿ ಸುಲಿಯುವುದೇ ಹೆಚ್ಚು. ಕೋಣೆಯ ಮೂಲೆಯ ವಾರ್ಡ್‌ರೋಬಿಗೆ ಮೈತುಂಬ ಬಿರುಕು ಕೊಟ್ಟರೆ ಅದು ರಾಜಸ್ಥಾನದಿಂದ ಲಾರಿಯಲ್ಲಿ ಬಂದಂತೆ ತೋರುತ್ತದೆ. ಸರಪಳಿಯಿಂದ ಬಡಿದು ಗಾಯ ಮಾಡುವುದು, ಡ್ರಿಲ್ಲಿನಿಂದ ಹುಳದ ತೂತು ಕೊರೆಯುವುದು ಮರಕ್ಕೆ ಸರಿಹೋದೀತು. ಮೈಕಾಕ್ಕೆ ಬಡಿದರೆ ಗಾಜಿನಂತೆ ಚಕ್ಕೆ ಏಳುತ್ತದೆ.

ಇಷ್ಟೆಲ್ಲ ಮಾಡಿದರೂ ಕಪಾಟು ಹೊಸದಾಗಿಯೇ ಕಂಡರೆ ತಪ್ಪು ಬಣ್ಣದ್ದಲ್ಲ, ಆಕಾರದ್ದು. ಎಂಟು ಅಡಿ ಎತ್ತರದ ಸಪಾಟು ಹಲಗೆಯ ಬಾಗಿಲು ಹಿಂದಿನ ಕಾಲದಲ್ಲಿ ಸಾಧ್ಯವೇ ಇರಲಿಲ್ಲ. ಅಗಲದ ಮರದ ಹಲಗೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾರ್ಕಳದ ಸೀಮೆಯಲ್ಲಂತೂ ಬಾಗಿಲು ಸಿಕ್ಕಿಕೊಳ್ಳುವುದು, ಸೀಳುವುದು ಖಂಡಿತ. ಅದಕ್ಕೇ ಬಡಗಿಗಳು ಸುತ್ತ ಚೌಕಟ್ಟು ಮಾಡಿ, ನಡುವಿನ ತೆಳು ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಅಂಟಿಸದೆ ಸಡಿಲವಾಗಿ ಕೂರಿಸುತ್ತಿದ್ದರು. ಹಳೆಯ ಬಾಗಿಲಿನ ಅಂದವೆಂದು ನಾವು ಮೆಚ್ಚುವ ಚೌಕಗಳು ಮಳೆಗೆ ಹೆದರಿ ಹುಟ್ಟಿದವು. ಆದ್ದರಿಂದ ಬಣ್ಣಕ್ಕೆ ಮೊದಲೇ ಮೈಕಾ ಬಾಗಿಲಿನ ಮೇಲೆ ಅಸಲಿ ಮರದ ಬೀಡಿಂಗ್ ಪಟ್ಟಿಗಳನ್ನು ಚೌಕಟ್ಟಿನಂತೆ ಅಂಟಿಸಿ, ಸಣ್ಣ ಮೊಳೆ ಹೊಡೆಯುವುದು ಲಾಭದ ಕೆಲಸ. ಅಂಟಿಸುವ ಜಾಗದಲ್ಲಿ ಹೊಳಪು ಪೂರ್ತಿ ತೆಗೆದಿರಬೇಕು. ಉಬ್ಬು ತಗ್ಗು ಹುಟ್ಟಿದ ಮೇಲೆ ಮಸಿಗೆ ಕೂರಲು ಜಾಗವೂ ಸಿಗುತ್ತದೆ. ನೀರಿನ ವಾರ್ನಿಷಿಗೆ ಕಂದು ಸ್ಟೇನರ್ ಬೆರೆಸಿ ಬಳಿದು, ಕೂಡಲೇ ಹಳೆ ಬನಿಯನ್ ಬಟ್ಟೆಯಿಂದ ಒರೆಸಿದರೆ ಉಬ್ಬು ತಿಳಿಯಾಗಿ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಚೌಟರ ಅರಮನೆಯ ಕಂಬದಲ್ಲಿ ನೂರಾರು ವರ್ಷ ಹಿಡಿದದ್ದು ಇಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಹಿಡಿಕೆ, ಬಿಜಾಗರಿಗಳನ್ನು ಮರೆಯುವವರೇ ಹೆಚ್ಚು. ಸ್ಟೀಲಿನ ಉದ್ದ ಹಿಡಿಕೆ ಹಾಗೇ ಬಿಟ್ಟರೆ ಪಟ್ಟ ಶ್ರಮವೆಲ್ಲ ನೀರುಪಾಲು. ಹಿತ್ತಾಳೆಯ ಬಳೆ ಹಿಡಿಕೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೆ ಭಾಗ್ಯ. ಹೊಸದನ್ನು ತಂದರೆ ಅದರ ಮೇಲಿನ ಲ್ಯಾಕರನ್ನು ಥಿನ್ನರಿನಲ್ಲಿ ತೆಗೆದು ಹಾಗೇ ಬಿಟ್ಟರಾಯಿತು, ಕರಾವಳಿಯ ಗಾಳಿಯೇ ಅದನ್ನು ಮಂಕಾಗಿಸುತ್ತದೆ. ಮನೆಯ ಹಿರಿಯರು ದೀಪದ ಜೊತೆ ಅದನ್ನೂ ಹುಣಸೆಹುಳಿ ಹಾಕಿ ಬೆಳಗದಂತೆ ನೋಡಿಕೊಳ್ಳುವುದು ಮಾತ್ರ ಕಷ್ಟ.

ಕಾಲವೂ ಮುಖ್ಯ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಇದಕ್ಕೆ ಕೈ ಹಾಕಬಾರದು. ಚಪಡಾ ತೇವದ ಗಾಳಿಯಲ್ಲಿ ಬಿಳಿಚಿಕೊಳ್ಳುತ್ತದೆ, ನೀರಿನ ಬಣ್ಣ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ, ಫೆವಿಕಾಲಿನ ಬಿರುಕು ಬರುವುದೇ ಇಲ್ಲ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಹಿಡಿದು ಏಪ್ರಿಲ್ ತನಕ ಒಳ್ಳೆಯ ಸಮಯ. ಬಣ್ಣ ಮುಟ್ಟಲು ಒಣಗುವುದು ಗಂಟೆಯ ಮಾತು, ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಭಾರ ಇಡದಿದ್ದರೆ ಲೇಸು. ಕೊನೆಯ ಕೋಟಿಗೆ ವಿದೇಶದವರು ಮೇಣ ಹೇಳುತ್ತಾರೆ. ನಮ್ಮ ಮಳೆಗಾಲದ ಬೂಷ್ಟಿಗೆ ಹೊಳಪಿಲ್ಲದ ನೀರಿನ ಪಾಲಿಯುರೆಥೇನ್ ವಾಸಿ. ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು, ಒಲೆಯ ಪಕ್ಕದ ಶೆಲ್ಫು, ದಿನಾ ಪಾತ್ರೆ ಎಳೆಯುವ ಮೇಜಿನ ಮೇಲ್ಭಾಗ ಇವಕ್ಕೆ ಇದೆಲ್ಲ ಬೇಡ. ಅಲ್ಲಿ ಮೈಕಾ ಮೈಕಾವಾಗಿರುವುದೇ ಅದರ ಗುಣ.

ಮಾರುವ ಯೋಚನೆ ಇರುವವರಿಗೆ ಒಂದು ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು ಎನ್ನಿಸಿಕೊಳ್ಳಲು ಒಂದು ವಸ್ತುವಿಗೆ ಕನಿಷ್ಠ 100 ವರ್ಷವಾಗಿರಬೇಕು, ಹಸ್ತಪ್ರತಿಗಾದರೆ 75. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ನಮ್ಮ ಕಪಾಟಿಗೆ ಆ ಭಯವಿಲ್ಲ, ಆ ಹೆಸರಿನಲ್ಲಿ ಅದನ್ನು ಮಾರುವ ಹಕ್ಕೂ ಇಲ್ಲ. ಹಳೆಯ ಸಾಮಾನಿನ ವ್ಯಾಪಾರ ಬಲ್ಲವರು ಹೇಗೂ ಎದುರಿನ ಬಣ್ಣ ನೋಡುವುದಿಲ್ಲ. ಕಪಾಟನ್ನು ಗೋಡೆಯಿಂದ ಎಳೆದು ಹಿಂಭಾಗ ನೋಡುತ್ತಾರೆ, ಖಾನೆ ಹೊರಗೆಳೆದು ಮೂಲೆಯ ಜೋಡಣೆ ನೋಡುತ್ತಾರೆ, ಸ್ಕ್ರೂವಿನ ತಲೆಯಲ್ಲಿ ಪ್ಲಸ್ ಗುರುತಿದೆಯೇ ಎಂದು ನೋಡುತ್ತಾರೆ. ಆದ್ದರಿಂದ ಹಿಂಭಾಗಕ್ಕೆ ಹಳೆಯ ನೋಟ ಕೊಡಲು ದುಡ್ಡು ದಂಡ ಮಾಡಬೇಡಿ. ಆದರೆ ಬಣ್ಣವೇ ಇಲ್ಲದೆಯೂ ಬಿಡಬೇಡಿ. ಕುಕ್ಕುಂದೂರಿನ ಮಳೆಗೆ ಗೋಡೆ ಬೆವರುತ್ತದೆ, ತೆರೆದ ಪಾರ್ಟಿಕಲ್ ಬೋರ್ಡು ಮೊದಲು ನೀರು ಕುಡಿಯುವುದು ಆ ಬದಿಯಿಂದಲೇ. ಹಿಂಭಾಗಕ್ಕೂ ಬುಡದ ಅಂಚಿಗೂ ಎನಾಮಲ್ ಎರಡು ಕೋಟು, ಗೋಡೆಯಿಂದ ಎರಡು ಇಂಚು ದೂರ, ಕಾಲಿನ ಕೆಳಗೆ ರಬ್ಬರ್ ಬುಷ್. ಮೇ ತಿಂಗಳ ಕೊನೆಯೊಳಗೆ ಇಷ್ಟಾಗಿರಬೇಕು.